ಊರು ಆರಿಸುವ ಮುನ್ನ ನೀರು ಕೇಳಿ

ಬೆಂಗಳೂರಿನ ವಾರಾಂತ್ಯದ ಪ್ರವಾಸಿ ಬಂಧುಗಳೇ,



ಸರ್ಕಾರಿ ರಜೆಯೊಂದು ಶುಕ್ರವಾರಕ್ಕೋ ಸೋಮವಾರಕ್ಕೋ ಬಿತ್ತೆಂದರೆ ನಿಮ್ಮ ಮನೆಗಳಲ್ಲಿ ಏನು ನಡೆಯುತ್ತದೆಂಬುದು ನಮಗೆ ಇಲ್ಲಿ ವಿಜಯಪುರದಲ್ಲಿ ಕೂತೇ ಗೊತ್ತಾಗುತ್ತದೆ. ಭಾನುವಾರ ಬೆಳಗಾದರೆ ಗೋಳಗುಮ್ಮಟದ ಮುಂದೆ ಕೆಎ 01ರಿಂದ ಕೆಎ 05ರ ತನಕ ಎಲ್ಲ ನಂಬರಿನ ಕಾರುಗಳೂ ಸಾಲುಗಟ್ಟಿರುತ್ತವೆ. ಇಳಿದವರ ಕಣ್ಣಲ್ಲಿ ನಿದ್ದೆ, ಕೈಯಲ್ಲಿ ಪಟ್ಟಿ. ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಿಗ್ಗೆ ಬಾದಾಮಿ, ಊಟದೊಳಗೆ ಪಟ್ಟದಕಲ್ಲು, ಊಟವಾದ ಮೇಲೆ ಐಹೊಳೆ, ಸಂಜೆ ಕೂಡಲಸಂಗಮ. ಭಾನುವಾರ ಬೆಳಿಗ್ಗೆ ವಿಜಯಪುರ, ಮಧ್ಯಾಹ್ನ ಆಲಮಟ್ಟಿ, ರಾತ್ರಿ ಹೊಸಪೇಟೆ. ಸೋಮವಾರ ಹಂಪಿ ಮುಗಿಸಿ ಮನೆ. ಗುಮ್ಮಟದೊಳಗೆ ಹೋಗಿ ಒಮ್ಮೆ ಕೂಗುತ್ತೀರಿ, ಅದು ಮತ್ತೆ ಮತ್ತೆ ಮರುದನಿಸಿದ್ದನ್ನು ಮೊಬೈಲಿಗೆ ಹಿಡಿಯುತ್ತೀರಿ, ಮುಕ್ಕಾಲು ಗಂಟೆಯಲ್ಲಿ ಮತ್ತೆ ಕಾರು ಹತ್ತುತ್ತೀರಿ. ನಮ್ಮೂರಲ್ಲಿ ಒಂದು ರೊಟ್ಟಿಯನ್ನೂ ತಿಂದಿರುವುದಿಲ್ಲ.

ಇದನ್ನು ಬೇಸರದಿಂದ ಬರೆಯುತ್ತಿಲ್ಲ. ನೀವು ಬರುವುದು ನಮಗೆ ಬೇಕು. ಮಾಲ್ ಬಿಟ್ಟು, ರೆಸಾರ್ಟ್ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಐನೂರು ಕಿ.ಮೀ. ದೂರದ ಹಳೆಯ ಊರಿಗೆ ಬರುವವರ ಮೇಲೆ ಗೌರವವೂ ಇದೆ. ನನ್ನ ತಕರಾರಿರುವುದು ನೀವು ಊರು ಆರಿಸುವ ಕ್ರಮದ ಬಗ್ಗೆ ಮಾತ್ರ. ಎಷ್ಟು ಜಾಗ ‘ಕವರ್’ ಆಗುತ್ತದೆ ಎಂಬ ಲೆಕ್ಕದಲ್ಲಿ ಆರಿಸುತ್ತೀರಿ. ಎರಡು ಮೂರು ದಿನದ ರಜೆಗೆ ಆ ಲೆಕ್ಕ ಹೊಂದುವುದಿಲ್ಲ. ಬಾದಾಮಿಯ ಬಂಡೆಯ ಶಾಸನ ಕ್ರಿ.ಶ. 543ರದ್ದು, ಗೋಳಗುಮ್ಮಟ ಮುಗಿದದ್ದು 1656ರ ಸುಮಾರಿಗೆ. ನಡುವೆ ಹನ್ನೊಂದು ಶತಮಾನಗಳಿವೆ. ಅವೆರಡನ್ನೂ ಒಂದೇ ವಾರಾಂತ್ಯದಲ್ಲಿ ನೋಡಿದ ಮಗುವಿಗೆ ಸೋಮವಾರ ಉಳಿಯುವುದು ‘ಹಳೇ ಕಲ್ಲು’ ಎಂಬ ಒಂದೇ ನೆನಪು. ಯಾವುದು ಯಾರದು, ಯಾಕೆ ಅಲ್ಲೇ ಕಟ್ಟಿದರು, ಆಮೇಲೆ ಏನಾಯಿತು ಎಂದು ಕೇಳಲು ಅದಕ್ಕೆ ಸಮಯವನ್ನೇ ಕೊಟ್ಟಿರುವುದಿಲ್ಲ.

ಆದ್ದರಿಂದ ನನ್ನ ಮೊದಲ ಮಾತು ಇಷ್ಟೇ: ಒಂದು ರಜೆಗೆ ಒಂದೇ ಊರು. ಎರಡು ರಾತ್ರಿ ಅಲ್ಲೇ ಮಲಗಿ. ಸುತ್ತಲ ಇಪ್ಪತ್ತು ಮೂವತ್ತು ಕಿ.ಮೀ. ಬೇಕಾದರೆ ಸೇರಿಸಿಕೊಳ್ಳಿ, ಅದಕ್ಕಿಂತ ಹೆಚ್ಚು ಬೇಡ. ಎರಡನೆಯ ಮಾತು, ಹೋಗುವಾಗ ಒಂದು ಪ್ರಶ್ನೆಯನ್ನು ಜೊತೆಗೆ ಒಯ್ಯಿರಿ. ಪ್ರಶ್ನೆಯೊಂದಿದ್ದರೆ ಊರು ತಾನೇ ದಾರಿ ತೋರಿಸುತ್ತದೆ. ಇಲ್ಲದಿದ್ದರೆ ಫಲಕದಿಂದ ಫಲಕಕ್ಕೆ ಅಲೆಯುವುದೇ ಆಗುತ್ತದೆ.

ಯಾವ ಪ್ರಶ್ನೆ ಎಂದು ಕೇಳಿದರೆ, ಬೆಂಗಳೂರಿನವರಿಗೆ ನಾನು ಸೂಚಿಸುವುದು ಒಂದನ್ನೇ: ಈ ಊರು ನೀರು ಕುಡಿದದ್ದು ಎಲ್ಲಿಂದ? 2024ರ ಬೇಸಿಗೆಯಲ್ಲಿ ಕೊಳವೆಬಾವಿ ಬತ್ತಿ, ಟ್ಯಾಂಕರಿಗೆ ಕಾದು, ಅಪಾರ್ಟ್‌ಮೆಂಟಿನಲ್ಲಿ ನೀರಿಗೆ ಪಾಳಿ ಹಚ್ಚಿಕೊಂಡವರು ನೀವು. ನೀವು ಊರಿಗೆ ಬಸ್ ಹತ್ತುವ ಮೆಜೆಸ್ಟಿಕ್ ನಿಲ್ದಾಣ ನಿಂತಿರುವುದೇ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಹಳೆಯ ರಾಜಧಾನಿಗಳಲ್ಲಿ ಕೋಟೆ ಯಾರದು, ಯುದ್ಧ ಯಾರು ಗೆದ್ದರು ಎಂಬುದನ್ನು ಶಾಲೆಯ ಪುಸ್ತಕ ಹೇಳುತ್ತದೆ. ಅಷ್ಟು ಸಾವಿರ ಜನ, ಅಷ್ಟು ಕುದುರೆ, ಅಷ್ಟು ಆನೆ ಮೇ ತಿಂಗಳಲ್ಲಿ ಏನು ಕುಡಿಯುತ್ತಿದ್ದವು ಎಂಬುದನ್ನು ಊರೇ ಹೇಳಬೇಕು. ಅದನ್ನು ಹೇಳಬಲ್ಲ ಊರುಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ಕೆಲವನ್ನು ನಿಮ್ಮ ಮುಂದಿಡುತ್ತೇನೆ.

ನಮ್ಮೂರಿಂದಲೇ ಶುರು ಮಾಡುತ್ತೇನೆ, ಪಕ್ಷಪಾತವೆಂದರೂ ಅಡ್ಡಿಯಿಲ್ಲ. ಆದಿಲ್‌ಶಾಹಿಗಳು 1490ರಿಂದ 1686ರ ತನಕ ಇಲ್ಲಿಂದ ಆಳಿದರು. ಮಳೆ ಕಡಿಮೆ, ಊರೊಳಗೆ ಹೊಳೆಯಿಲ್ಲ, ಭೀಮೆ ಕೃಷ್ಣೆಯರಿಬ್ಬರೂ ದೂರ. ಅಂಥ ನೆಲದಲ್ಲಿ ಸುಮಾರು ಹತ್ತು ಕಿ.ಮೀ. ಸುತ್ತಳತೆಯ ಕೋಟೆ ಹಾಕಿ ಮಹಾನಗರ ಕಟ್ಟಿದರು. ನೀರಿಗಾಗಿ ಪಶ್ಚಿಮದ ತೊರವಿಯ ಕಡೆಯಿಂದ ನೆಲದಡಿಯಲ್ಲಿ ಸುರಂಗ ಕೊರೆದು ತಂದರು. ಕುಮಾರ ವಾಲ್ಮೀಕಿಯ ರಾಮಾಯಣಕ್ಕೆ ಹೆಸರು ಕೊಟ್ಟ ತೊರವಿಯೇ ಇದು. 1651ರಲ್ಲಿ ಮುಹಮ್ಮದ್ ಆದಿಲ್‌ಶಾಹ ಊರ ದಕ್ಷಿಣಕ್ಕೆ ಬೇಗಂ ತಲಾಬ್ ಕಟ್ಟಿಸಿ, ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಸಿದ. ಆ ಹಾದಿಯಲ್ಲಿ ಅಲ್ಲಲ್ಲಿ ಎತ್ತರದ ಚೌಕ ಗೋಪುರಗಳು ನಿಂತಿವೆ. ನಮ್ಮವರು ಅವನ್ನು ಗಂಜ್ ಎನ್ನುತ್ತಾರೆ. ಕೊಳವೆಯೊಳಗಿನ ಒತ್ತಡ ಇಳಿಸುವುದು, ಹೂಳು ತಂಗುವಂತೆ ಮಾಡುವುದು, ನೀರನ್ನು ಓಣಿಗಳಿಗೆ ಹಂಚುವುದು ಅವುಗಳ ಕೆಲಸ. ಯಾವ ಟಿಕೆಟ್ಟೂ ಇಲ್ಲದೆ ಇವನ್ನು ನೋಡಬಹುದು. ಪಕ್ಕದಲ್ಲೇ ತರಕಾರಿ ಗಾಡಿ ನಿಂತಿರುತ್ತದೆ, ಬೈಕು ನಿಂತಿರುತ್ತದೆ.

ತಾಜ್ ಬಾವಡಿಗೆ ಬನ್ನಿ. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ರಾಣಿ ತಾಜ್ ಸುಲ್ತಾನಾಳ ಹೆಸರಿನಲ್ಲಿ 1620ರಲ್ಲಿ ವಾಸ್ತುಶಿಲ್ಪಿ ಮಲಿಕ್ ಸಂದಲ್ ಕಟ್ಟಿಸಿದ್ದು. ದೊಡ್ಡ ಕಮಾನು, ಎರಡೂ ಪಕ್ಕ ಎಂಟು ಮೂಲೆಯ ಬುರುಜು, ಒಳಗೆ ಕೆರೆಯಷ್ಟು ಅಗಲದ ಬಾವಿ. ಬಹಳ ವರ್ಷ ಊರಿನ ಕಸವೆಲ್ಲ ಇದರೊಳಗೇ ಬೀಳುತ್ತಿತ್ತು. ಕಳೆದ ದಶಕದಲ್ಲಿ ಹೂಳೆತ್ತಿ ಸ್ವಚ್ಛ ಮಾಡಿದರು. ಇದೇ ಮಲಿಕ್ ಸಂದಲ್‌ನ ಕೈ ಇಬ್ರಾಹಿಂ ರೋಜಾದಲ್ಲೂ ಇದೆ. ಒಂದೇ ಜಗಲಿಯ ಮೇಲೆ ಎದುರುಬದುರಾಗಿ ಗೋರಿ ಮತ್ತು ಮಸೀದಿ, ನಡುವೆ ನೀರಿನ ಕೊಳ. ಕಿಟಕಿಗೆ ಜಾಲರಿಯ ಬದಲು ಅರಬ್ಬಿ ಅಕ್ಷರಗಳನ್ನೇ ಕೊರೆದು ಬೆಳಕು ಬಿಟ್ಟಿದ್ದಾರೆ. ಒಳಗೆ ಮಲಗಿರುವ ಇಬ್ರಾಹಿಂ ‘ಕಿತಾಬ್-ಎ-ನೌರಸ್’ ಎಂಬ ದಖನಿ ಹಾಡುಗಳ ಪುಸ್ತಕ ಬರೆದವನು. ಅದರಲ್ಲಿ ಸರಸ್ವತಿಯ ಸ್ತುತಿಯಿದೆ, ಗಣಪತಿಯ ಸ್ತುತಿಯಿದೆ. ಜನ ಅವನನ್ನು ಜಗದ್ಗುರು ಬಾದಶಹಾ ಎಂದರು. ಇದನ್ನೆಲ್ಲ ತಿಳಿದು ಸಂಜೆಯ ಬಿಸಿಲಿನಲ್ಲಿ ರೋಜಾದ ಮೆಟ್ಟಿಲ ಮೇಲೆ ಕೂತವರಿಗೂ, ಹತ್ತು ನಿಮಿಷದಲ್ಲಿ ಸುತ್ತು ಹಾಕಿ ಹೊರಟವರಿಗೂ ಕಾಣುವ ಕಟ್ಟಡ ಒಂದೇ ಅಲ್ಲ.

ಗೋಳಗುಮ್ಮಟವನ್ನು ಕೊನೆಗೆ ಹೇಳುತ್ತಿದ್ದೇನೆ, ಅದು ನಿಮಗೆ ಗೊತ್ತಿರುವುದರಿಂದ. ಒಳಗಿನ ಅಡ್ಡಳತೆ ಸುಮಾರು 38 ಮೀಟರ್. ನಡುವೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಕತ್ತರಿಸುವ ಎಂಟು ಕಮಾನುಗಳ ಮೇಲೆ ಅಷ್ಟು ಭಾರ ಕೂತಿದೆ. ಒಂದು ಕಿವಿಮಾತು: ನವೆಂಬರ್‌ನಿಂದ ಜನವರಿಯವರೆಗೆ ಶಾಲಾ ಪ್ರವಾಸದ ಬಸ್ಸುಗಳು ಬರುವ ಕಾಲ. ಅವು ಬಂದ ಮೇಲೆ ಪಿಸುಮಾತಿನ ಗ್ಯಾಲರಿಯಲ್ಲಿ ಬರೀ ಕಿರುಚಾಟ. ಊರಲ್ಲೇ ಮಲಗಿದ್ದರೆ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಬಹುದು. ಆಗ ಗೋಡೆಗೆ ಬಾಯಿಟ್ಟು ಮೆಲ್ಲಗೆ ಆಡಿದ ಮಾತು ಎದುರು ಬದಿಯಲ್ಲಿ ನಿಂತವರ ಕಿವಿಗೆ ಬೀಳುವುದನ್ನು ನೀವೇ ಕೇಳುತ್ತೀರಿ. ಕೂಗುವುದು ಬೇಕಾಗಿಯೇ ಇಲ್ಲ.

ಇಷ್ಟಕ್ಕೆ ಎರಡು ಹಗಲು ಬೇಕು. ನಡುವೆ ಖಾನಾವಳಿಯಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಓಣಿ ಸುತ್ತಲು ಟಾಂಗಾ ಇನ್ನೂ ಸಿಗುತ್ತದೆ.

ಎರಡನೆಯ ಊರು ಬೀದರ್. ದೂರವೆಂದು ಬಹಳ ಜನ ಇದನ್ನು ಪಟ್ಟಿಯಿಂದಲೇ ತೆಗೆದುಬಿಡುತ್ತಾರೆ. ರಾತ್ರಿ ರೈಲಿನಲ್ಲಿ ಮಲಗಿದವರಿಗೆ ದೂರದ ಲೆಕ್ಕ ಬೇರೆ. ಹದಿನೈದನೆಯ ಶತಮಾನದಲ್ಲಿ ಬಹಮನಿ ಅರಸು ಅಹ್ಮದ್ ಶಹಾ ವಲಿ ಕಲಬುರಗಿ ಬಿಟ್ಟು ರಾಜಧಾನಿಯನ್ನು ಇಲ್ಲಿಗೆ ತಂದ. ಬೀದರ್ ಎತ್ತರದ ಜಂಬಿಟ್ಟಿಗೆಯ ಕಲ್ಲಿನ ಮೇಲೆ ಕೂತಿದೆ. ಮಳೆನೀರು ಆ ತೂತು ಕಲ್ಲಿನಲ್ಲಿ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲು ತಡೆದಲ್ಲಿ ಪಕ್ಕಕ್ಕೆ ಹರಿದು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಬರುತ್ತದೆ. ಗುರುನಾನಕ್ ಝೀರಾದ ನೀರಿಗೂ ಪಾಪನಾಶದ ನೀರಿಗೂ ಮೂಲ ಇದೇ. ಬಹಮನಿಗಳ ಕಾಲದ ಎಂಜಿನಿಯರುಗಳು ಇದನ್ನೇ ಹಿಡಿದು, ಇರಾನಿನ ರೀತಿಯಲ್ಲಿ ನೆಲದೊಳಗೆ ಕಾಲುವೆ ಕೊರೆದು, ಮೇಲಿನಿಂದ ಗಾಳಿ ಬೆಳಕಿಗೆ ಬಾವಿಗಳನ್ನು ತೋಡಿದರು. ನೌಬಾದಿನ ಈ ಕಾರೇಜು ಎರಡು ಕಿ.ಮೀ.ಗೂ ಉದ್ದ. ಪಂಪಿಲ್ಲ, ವಿದ್ಯುತ್ತಿಲ್ಲ, ಬರೀ ಇಳಿಜಾರಿನ ಬಲ. 2014ರಲ್ಲಿ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ಕಾಳಜಿ ವಹಿಸಬೇಕಾದ ಜಾಗಗಳ ತನ್ನ ಪಟ್ಟಿಯಲ್ಲಿ ಬೀದರಿನ ಹಳೆಯ ನಗರವನ್ನು ಸೇರಿಸಿತ್ತು.

ಬೀದರಿನ ಒಳ್ಳೆಯ ಗುಣವೆಂದರೆ ಹಳೆಯ ಊರು ಇನ್ನೂ ಊರಾಗಿಯೇ ಇದೆ. ಚೌಬಾರದ ಗೋಪುರದ ಕೆಳಗೆ ನಿಂತರೆ ನಾಲ್ಕೂ ದಿಕ್ಕಿನ ಬೀದಿಗಳು ಕಾಣುತ್ತವೆ. ಸ್ವಲ್ಪ ನಡೆದರೆ ಮಹಮೂದ್ ಗವಾನನ ಮದರಸಾ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿಗಳ ಪ್ರಧಾನಿಯಾದವನು 1472ರಲ್ಲಿ ಕಟ್ಟಿಸಿದ ವಿದ್ಯಾಲಯ. ಒಂಬತ್ತು ವರ್ಷದ ಮೇಲೆ, 1481ರಲ್ಲಿ, ವಿರೋಧಿಗಳು ಸೃಷ್ಟಿಸಿದ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಅವನ ತಲೆ ತೆಗೆಸಿದ. ಹದಿನೇಳನೆಯ ಶತಮಾನದ ಕೊನೆಗೆ ಮದ್ದಿನ ಸ್ಫೋಟದಲ್ಲಿ ಕಟ್ಟಡದ ಮುಂಭಾಗವೂ ಒಂದು ಮಿನಾರೂ ಹೋದವು. ಉಳಿದ ಮಿನಾರಿನ ಮೇಲೆ ನೀಲಿ ಹಸಿರು ಹೆಂಚಿನ ಚೂರುಗಳು ಇನ್ನೂ ಹೊಳೆಯುತ್ತವೆ. ಅಲ್ಲಿಂದ ಕೋಟೆ, ಕೋಟೆಯೊಳಗೆ ಕಪ್ಪೆಚಿಪ್ಪಿನ ಕುಸುರಿಯ ರಂಗೀನ್ ಮಹಲ್. ಮರಳಿ ಬರುವಾಗ ಬಿದ್ರಿ ಕೆಲಸ ಮಾಡುವವರ ಅಂಗಡಿಯಲ್ಲಿ ಅರ್ಧ ದಿನ ಕೂಡಿ. ಸತುವಿಗೆ ತುಸು ತಾಮ್ರ ಸೇರಿಸಿ ಎರಕ ಹೊಯ್ದು, ಉಳಿಯಿಂದ ಕೊರೆದು, ಬೆಳ್ಳಿಯ ತಂತಿ ತುಂಬುತ್ತಾರೆ. ಕೊನೆಗೆ ಕೋಟೆಯ ಹಳೆಯ ಮಣ್ಣನ್ನು ನವಸಾಗರದ ಜೊತೆ ಕುದಿಸಿ ಅದ್ದಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಚೌಕಾಸಿ ಮಾಡುವ ಮೊದಲು ಈ ಕೆಲಸ ಕಣ್ಣಾರೆ ನೋಡಿ. ಆಮೇಲೆ ಬೆಲೆ ಹೆಚ್ಚೆಂದು ಅನಿಸಲಾರದು.

ಊರ ಹೊರಗೆ ಅಷ್ಟೂರಿನಲ್ಲಿ ಅಹ್ಮದ್ ಶಹಾನ ಗೋರಿಯಿದೆ. ಲಿಂಗಾಯತರಿಗೆ ಅವನು ಅಲ್ಲಮಪ್ರಭು, ಮುಸಲ್ಮಾನರಿಗೆ ವಲಿ. ಉರುಸಿಗೆ ಮಾಡ್ಯಾಳದ ಜಂಗಮರು ಬರುತ್ತಾರೆ, ದಿನ ಗೊತ್ತುಮಾಡುವುದು ಹಿಂದೂ ಪಂಚಾಂಗದ ಪ್ರಕಾರ. ಕಲ್ಯಾಣ ಕರ್ನಾಟಕದ ಬಗ್ಗೆ ಪತ್ರಿಕೆಯಲ್ಲಿ ಓದಿ ಮಾಡಿಕೊಂಡ ಅಭಿಪ್ರಾಯವನ್ನು ಅಷ್ಟೂರಿನಲ್ಲಿ ಒಮ್ಮೆ ಒರೆಗೆ ಹಚ್ಚಿ ನೋಡಿ.

ಮೂರನೆಯದು ಬಾದಾಮಿ. ಇದನ್ನು ನೀವು ‘ಗುಹೆ ನೋಡಿ ಮುಂದೆ ಹೋಗುವ’ ಊರು ಮಾಡಿಬಿಟ್ಟಿದ್ದೀರಿ. ಎರಡು ಕೆಂಪು ಬೆಟ್ಟಗಳ ನಡುವೆ ಅಗಸ್ತ್ಯತೀರ್ಥವಿದೆ. ಬೆಟ್ಟದ ನೀರೆಲ್ಲ ಅಲ್ಲಿಗೇ ಇಳಿಯುತ್ತದೆ. ಒಂದನೆಯ ಪುಲಕೇಶಿ 543ರಲ್ಲಿ ಇಲ್ಲೇ ಕೋಟೆ ಕಟ್ಟಲು ಆ ನೀರೂ ಆ ಬಂಡೆಯೂ ಕಾರಣ ಎಂಬುದು ದಂಡೆಯ ಮೇಲೆ ನಿಂತವರಿಗೆ ಯಾರೂ ಹೇಳದೆ ತಿಳಿಯುತ್ತದೆ. ಮೂರನೆಯ ಗುಹೆಯಲ್ಲಿ 578ರ ಮಂಗಳೇಶನ ಶಾಸನವಿದೆ. ಕಾಲ ಇಷ್ಟು ಖಚಿತವಾಗಿ ಗೊತ್ತಿರುವ ಅಷ್ಟು ಹಳೆಯ ಗುಹಾಲಯ ಅಪರೂಪ. ಬೆಳಿಗ್ಗೆ ಗುಹೆ, ಮಧ್ಯಾಹ್ನ ಬನಶಂಕರಿಯಲ್ಲಿ ಹೆಂಗಸರು ಬುಟ್ಟಿಯಲ್ಲಿ ತಂದು ಮಾರುವ ರೊಟ್ಟಿ ಮೊಸರಿನ ಊಟ, ಸಂಜೆ ತೀರ್ಥದ ಆಚೆ ದಂಡೆಯ ಭೂತನಾಥ ಗುಡಿ. ಮರುದಿನ ಪಟ್ಟದಕಲ್ಲು ಮಾತ್ರ ಇಟ್ಟುಕೊಳ್ಳಿ, ಅದು ಇಪ್ಪತ್ತು ಚಿಲ್ಲರೆ ಕಿ.ಮೀ. ಜನವರಿಯ ಬನಶಂಕರಿ ಜಾತ್ರೆಗೆ ಬಂದರೆ ರಾತ್ರಿ ನಾಟಕ ಕಂಪನಿಯ ಡೇರೆಗಳಿರುತ್ತವೆ. ಆದರೆ ಆಗ ಕೋಣೆ ಸಿಗುವುದು ಕಷ್ಟ, ಮೊದಲೇ ಗೊತ್ತುಮಾಡಿಕೊಳ್ಳಿ.

ನಾಲ್ಕನೆಯದನ್ನು ಯಾರೂ ಆರಿಸುವುದಿಲ್ಲವೆಂದೇ ಹೇಳುತ್ತಿದ್ದೇನೆ: ಗದಗ. ಊರೊಳಗೆ ತ್ರಿಕೂಟೇಶ್ವರ, ಆ ಆವರಣದ ಸರಸ್ವತಿ ಗುಡಿಯ ಕಂಬಗಳನ್ನು ನೋಡಿದವರು ಹಳೇಬೀಡಿನ ಕೆತ್ತನೆ ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಕುಮಾರವ್ಯಾಸ ಕೂತು ಭಾರತ ಬರೆದನೆಂದು ಜನ ನಂಬುವ ವೀರನಾರಾಯಣನ ಗುಡಿ ಇಲ್ಲೇ ಇದೆ. ಹನ್ನೊಂದು ಕಿ.ಮೀ. ದಾಟಿದರೆ ಲಕ್ಕುಂಡಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮಜಿನಾಲಯ ಅಲ್ಲಿದೆ. ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದ ಮಹಾತಾಯಿ ಆಕೆ. ನಮ್ಮ ಪ್ರಶ್ನೆಗೂ ಲಕ್ಕುಂಡಿಯಲ್ಲಿ ಉತ್ತರವಿದೆ. ಮುಸುಕಿನ ಬಾವಿ, ಕನ್ನೇರ ಬಾವಿ, ಛಬ್ಬೀರ ಬಾವಿ — ನೀರಿಗೆ ಇಳಿಯುವ ಮೆಟ್ಟಿಲನ್ನೂ ಅವರು ಗುಡಿಯಂತೆ ಅಲಂಕರಿಸಿದ್ದಾರೆ, ಪಕ್ಕದಲ್ಲಿ ಪುಟ್ಟ ಪುಟ್ಟ ದೇವಗೂಡುಗಳು. ಸಂಜೆ ಗದಗಿಗೆ ಮರಳಿದರೆ ಗಿರಮಿಟ್ಟು, ಮಿರ್ಚಿ ಭಜಿ. ಸಂಗೀತದ ಆಸಕ್ತಿಯುಳ್ಳವರಿಗೆ ಪಂಚಾಕ್ಷರಿ ಗವಾಯಿ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮವಿದೆ. ಭೀಮಸೇನ ಜೋಶಿ ಹುಟ್ಟಿದ್ದೂ ಇದೇ ಜಿಲ್ಲೆಯ ನೆಲದಲ್ಲಿ. ವಯಸ್ಸಾದ ತಂದೆತಾಯಿಯನ್ನು ಕರೆದೊಯ್ಯುವವರಿಗೆ ನಾನು ಮೊದಲು ಹೇಳುವ ಊರು ಗದಗವೇ. ಹತ್ತುವ ಬೆಟ್ಟವಿಲ್ಲ, ನೂಕುನುಗ್ಗಲಿಲ್ಲ.

ಒಂದೇ ರಾತ್ರಿ ಕೈಯಲ್ಲಿದ್ದರೆ ಇಷ್ಟು ದೂರ ಬರಬೇಡಿ. ಚಿತ್ರದುರ್ಗ ಇನ್ನೂರು ಕಿ.ಮೀ. ಮಾತ್ರ. ಏಳು ಸುತ್ತಿನ ಕೋಟೆಯಲ್ಲಿ ಮಳೆಯ ಹನಿಯನ್ನು ಹೇಗೆ ಹಿಡಿದರೆಂದು ನೋಡಿ: ಗೋಪಾಲಸ್ವಾಮಿ ಹೊಂಡ ತುಂಬಿದರೆ ಅಕ್ಕತಂಗಿಯರ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಊರೊಳಗಿನ ಸಂತೆಹೊಂಡಕ್ಕೆ. ಓಬವ್ವನ ಕತೆಯನ್ನು ಮಕ್ಕಳಿಗೆ ಹೇಳುವಾಗ ಒನಕೆಯಿಂದ ಶುರು ಮಾಡುತ್ತೀರಿ. ಗಂಡ ಉಣ್ಣುತ್ತಿದ್ದಾಗ ಅವಳು ಹೊರಟದ್ದು ನೀರು ತರಲು, ಆಗಲೇ ಕಿಂಡಿಯಲ್ಲಿ ಶತ್ರು ಕಂಡದ್ದು. ಅಲ್ಲಿಂದ ಶುರು ಮಾಡಿ. ದುರ್ಗ 1779ರಲ್ಲಿ ಹೈದರನ ವಶವಾಯಿತು. ಹೋಗುವ ಮೊದಲು ಮನೆಯಲ್ಲಿ ಯಾರಾದರೊಬ್ಬರು ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿದ್ದರೆ ಗೈಡ್ ಬೇಕಾಗುವುದಿಲ್ಲ.

ಇನ್ನೂ ಹತ್ತಿರ ಬೇಕೆಂದರೆ ಶ್ರೀರಂಗಪಟ್ಟಣ. ಮೈಸೂರಿಗೆ ಹೋಗುವ ಹಾದಿಯಲ್ಲಿ ಒಂದು ಗಂಟೆ ನಿಲ್ಲುವ ಜಾಗ ಇದಲ್ಲ. ಕಾವೇರಿಯೇ ಇಲ್ಲಿ ಕಂದಕ. ಮುಂಗಾರು ಬಂದು ಹೊಳೆ ತುಂಬಿದರೆ ದಾಟಲಾಗದೆಂದು ಇಂಗ್ಲಿಷರು ಅವಸರ ಮಾಡಿದರು. 1799ರ ಮೇ 4ರಂದು, ನೀರು ಇಳಿದಿದ್ದ ಪಾತ್ರದಲ್ಲೇ ನಡೆದು ಬಂದು ಗೋಡೆಯ ಒಡಕಿನಲ್ಲಿ ನುಗ್ಗಿದರು. ಟಿಪ್ಪು ಬಿದ್ದದ್ದು ಅಂದೇ. ಕೆಲವು ದಿನಗಳ ಮಳೆಯ ವ್ಯತ್ಯಾಸ ಒಂದು ರಾಜ್ಯದ ಗತಿ ನಿರ್ಧರಿಸಿತೇ ಎಂದು ಮಕ್ಕಳ ಜೊತೆ ವಾದ ಮಾಡುತ್ತ ಕೋಟೆ ಸುತ್ತಿ. ಜೋಡಿ ರೈಲು ಮಾರ್ಗಕ್ಕಾಗಿ ಟಿಪ್ಪುವಿನ ಮದ್ದಿನ ಮನೆಯೊಂದನ್ನು 2017ರಲ್ಲಿ ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರು. ಅದನ್ನೂ ತೋರಿಸಿ. ಹಳೆಯದನ್ನು ಕೆಡವದೆ ಹೊಸದನ್ನು ಮಾಡಬಹುದೆಂಬುದಕ್ಕೆ ನಮ್ಮಲ್ಲಿರುವ ಒಳ್ಳೆಯ ಸಾಕ್ಷಿ ಅದು.

ಹಂಪಿಯನ್ನು ಯಾಕೆ ಬಿಟ್ಟೆನೆಂದು ನೀವು ಕೇಳುವಿರಿ. ಹಂಪಿಯ ಮೇಲೆ ಮುನಿಸಿಲ್ಲ. ಅದು ಎರಡು ದಿನದ ಊರಲ್ಲ, ಅಷ್ಟೇ. 1986ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಆ ಬಯಲಿಗೆ ನಾಲ್ಕೈದು ದಿನ ಕೊಡಬೇಕು, ಸೈಕಲ್ ಬೇಕು, ಒಳ್ಳೆಯ ನಕ್ಷೆ ಬೇಕು. ವಿರೂಪಾಕ್ಷ ಬಜಾರಿನಲ್ಲಿ ಬದುಕುತ್ತಿದ್ದವರನ್ನು 2011ರಲ್ಲಿ ಎಬ್ಬಿಸಿದ ಮೇಲೆ ಆ ಬೀದಿಗೆ ಸಂಜೆಯೆಂಬುದೇ ಇಲ್ಲವಾಗಿದೆ. ಉದ್ದ ರಜೆಯಲ್ಲಿ ಇಡೀ ಬೆಂಗಳೂರು ಅಲ್ಲೇ ಇರುತ್ತದೆ. ಹಂಪಿಯನ್ನು ರಜೆಯಿಲ್ಲದ ವಾರಕ್ಕೆ, ಸ್ವಂತ ರಜೆ ಹಾಕಿ, ಕಾದಿರಿಸಿ. ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳಿಗೆ 2023ರಲ್ಲಿ ಅದೇ ಮನ್ನಣೆ ಸಿಕ್ಕಿದ ಮೇಲೆ ಅಲ್ಲಿಯೂ ಜನ ಹೆಚ್ಚು. ಅಲ್ಲಿಗೆ ಹೋಗುವುದಾದರೆ ಬೇಲೂರಿನಲ್ಲೇ ಉಳಿದು ಬೆಳಗಿನ ಪೂಜೆಯ ಹೊತ್ತಿಗೆ ಚೆನ್ನಕೇಶವನ ಗುಡಿಗೆ ಹೋಗಿ. 1117ರಿಂದ ಪೂಜೆಗೆಂದೇ ನಿಂತ ಗುಡಿ ಅದು.

ಇನ್ನು ವ್ಯವಹಾರದ ಮಾತು. ಗದಗ, ಬಾದಾಮಿ, ವಿಜಯಪುರ ಮೂರೂ ಒಂದೇ ರೈಲಿನ ಹಾದಿಯಲ್ಲಿವೆ. ಮೈಸೂರಿನಿಂದ ಬೆಂಗಳೂರು, ಹುಬ್ಬಳ್ಳಿಯ ಮೇಲೆ ಪಂಢರಪುರಕ್ಕೆ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ಮೂರೂ ಕಡೆ ನಿಲ್ಲುತ್ತದೆ. ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ. ರಜೆಯ ಪಟ್ಟಿ ಮೊದಲೇ ಬರುವುದರಿಂದ ನೆಪ ಹೇಳುವ ಹಾಗಿಲ್ಲ. ಕಾರೇ ಬೇಕೆನ್ನುವವರು ಯೋಚಿಸಿ: ಒಂದೂರಿನಲ್ಲೇ ಇರುವುದಾದರೆ ಕಾರು ಅಲ್ಲಿ ಎರಡು ದಿನ ಸುಮ್ಮನೆ ನಿಂತಿರುತ್ತದೆ, ಓಡಿಸಿದವರು ಮಾತ್ರ ದಣಿದಿರುತ್ತಾರೆ.

ಕಾಲ ನೋಡಿ ಹೊರಡಿ. ಏಪ್ರಿಲ್ ಮೇ ತಿಂಗಳಲ್ಲಿ ವಿಜಯಪುರ, ಕಲಬುರಗಿಗಳಲ್ಲಿ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಮಕ್ಕಳಿಗೆ ಬೇಸಿಗೆ ರಜೆಯೆಂದು ಆಗ ಕರೆತಂದರೆ ಅವರು ಇತಿಹಾಸವನ್ನೇ ದ್ವೇಷಿಸಿಯಾರು. ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಸಂಕ್ರಾಂತಿಗೆ ನಮ್ಮಲ್ಲಿ ಸಿದ್ಧೇಶ್ವರ ಜಾತ್ರೆ. ಗದ್ದಲ ಇಷ್ಟಪಡುವವರು ಆಗಲೇ ಬನ್ನಿ. ಪುರಾತತ್ವ ಇಲಾಖೆಯ ಸ್ಥಳ ಮ್ಯೂಸಿಯಂಗಳಿಗೆ ಶುಕ್ರವಾರ ರಜೆ, ಆದ್ದರಿಂದ ಶುಕ್ರವಾರವನ್ನು ಪ್ರಯಾಣಕ್ಕೋ ಬಾವಿ ಕೆರೆಗಳಿಗೋ ಇಟ್ಟುಕೊಂಡು ಮ್ಯೂಸಿಯಂ ಶನಿವಾರ ನೋಡಿ. ಮಂಡಿನೋವಿನವರಿಗೆ ಗುಮ್ಮಟದ ಮೆಟ್ಟಿಲೂ ದುರ್ಗದ ಏರೂ ಬೇಡ. ಅವರಿಗೆ ರೋಜಾ, ಲಕ್ಕುಂಡಿ, ಶ್ರೀರಂಗಪಟ್ಟಣ ಸಾಕು.

ಊರಿನವರ ಪರವಾಗಿಯೂ ಎರಡು ಮಾತು ಹೇಳಬೇಕು. ನೀವು ಮುಕ್ಕಾಲು ಗಂಟೆ ನಿಂತು ಹೋದರೆ ಊರಿಗೆ ಉಳಿಯುವುದು ಪಾರ್ಕಿಂಗ್ ಹಣ ಮತ್ತು ಖಾಲಿ ನೀರಿನ ಬಾಟಲಿ. ರಾತ್ರಿ ಉಳಿದರೆ ಖಾನಾವಳಿಯ ಅಕ್ಕನಿಗೆ ನಾಲ್ಕು ಊಟ, ಟಾಂಗಾದವನಿಗೆ ಎರಡು ಬಾಡಿಗೆ, ಗೈಡ್‌ಗೆ ಅರ್ಧ ದಿನದ ಕೂಲಿ. ಹಳೆಯ ಕಟ್ಟಡದಿಂದ ಹೊಟ್ಟೆ ತುಂಬುತ್ತದೆಂದು ಗೊತ್ತಾದ ಓಣಿಯವರು ಅದರ ಕಲ್ಲು ಕೀಳುವವರನ್ನು ತಾವೇ ತಡೆಯುತ್ತಾರೆ. ಬೇಲಿ, ಫಲಕ, ಕಾವಲುಗಾರ ಮಾಡಲಾಗದ ಕೆಲಸ ಅದು. ಗೋರಿಗಳು, ದರ್ಗಾಗಳು, ಬಸದಿಗಳು ಇನ್ನೂ ಜನ ಕೈಮುಗಿಯುವ ಜಾಗಗಳು. ಚಪ್ಪಲಿ ಬಿಡಿ, ದನಿ ತಗ್ಗಿಸಿ, ಜನರ ಫೋಟೋ ತೆಗೆಯುವಾಗ ಕೇಳಿ ತೆಗೆಯಿರಿ. ನಮ್ಮ ಕನ್ನಡ ನಿಮಗೆ ಮೊದಲ ಅರ್ಧ ದಿನ ಒರಟೆನಿಸೀತು. ಎರಡನೆಯ ದಿನಕ್ಕೆ ನೀವೇ ‘ಬರ್ರಿ, ಕೂಡ್ರಿ’ ಅನ್ನಲು ಶುರು ಮಾಡಿರುತ್ತೀರಿ.

ಮುಂದಿನ ಉದ್ದ ರಜೆಗೆ ಮನೆಯವರೆಲ್ಲ ಕೂತು ಪಟ್ಟಿ ಮಾಡುವಾಗ ನನ್ನ ಕೋರಿಕೆ ಒಂದೇ. ಪಟ್ಟಿಯಲ್ಲಿ ಆರು ಹೆಸರಿದ್ದರೆ ಐದನ್ನು ಹೊಡೆದುಹಾಕಿ. ಉಳಿದ ಒಂದು ಊರಿನ ಬಗ್ಗೆ ಹೋಗುವ ಮೊದಲು ಒಂದು ಪುಸ್ತಕ ಓದಿ, ಆ ಊರಿನ ಒಂದು ಕೆರೆಯನ್ನೋ ಬಾವಿಯನ್ನೋ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ, ಎರಡು ರಾತ್ರಿಯ ಕೋಣೆ ಹಿಡಿಯಿರಿ. ಬಿಟ್ಟ ಐದು ಊರುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಅವು ಮುಂದಿನ ಐದು ರಜೆಗಳಿಗೆ.

ಇಂತಿ ನಿಮ್ಮ,
ವಿಜಯಪುರದ ಒಬ್ಬ ನಿವಾಸಿ